ಅಪ್ಪನ ಫಿಯಟ್‌ಗೆ ಜಿಪ್ಸಿ ಎಂಜಿನ್ ಹಾಕಿಸಿದ್ದೇನೆ, ಇದು ಇನ್ನೂ ಫಿಯಟ್ಟೇ ಅಲ್ವಾ?

ಸಕಲೇಶಪುರ ಫಿಯಟ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಹತ್ತಿರ 1978ರ ಪ್ರೀಮಿಯರ್ ಪದ್ಮಿನಿ ಇದೆ. ನಮ್ಮ ಕಡೆ ಪದ್ಮಿನಿ ಅಂತ ಯಾರೂ ಹೇಳುವುದಿಲ್ಲ, ಫಿಯಟ್ ಅಂತಲೇ ಹೇಳುವುದು. ಅಪ್ಪ 1986ರಲ್ಲಿ ಒಬ್ಬ ಕಾಫಿ ಪ್ಲಾಂಟರ್ ಹತ್ತಿರ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ನಾನು, ತಂಗಿ ಇಬ್ಬರೂ ಇದರಲ್ಲೇ ಗಾಡಿ ಓಡಿಸುವುದು ಕಲಿತೆವು. 2012ರಿಂದ ಇದರೊಳಗೆ ಇರುವುದು ಮಾರುತಿ ಜಿಪ್ಸಿ ಕಿಂಗ್‌ನ 1.3 ಎಂಜಿನ್, ಅದೇ ಗಾಡಿಯ ಐದು ಗೇರಿನ ಬಾಕ್ಸ್.

ಹೋದ ತಿಂಗಳು ಹಳೇ ಗಾಡಿ ಇರುವವರೆಲ್ಲ ಹಾಸನದಲ್ಲಿ ಸೇರಿದ್ದರು. ನಾನೂ ಹೋಗಿದ್ದೆ. ಬಣ್ಣ ನೋಡಿ, ಕ್ರೋಮ್ ನೋಡಿ ಎಲ್ಲರೂ ಖುಷಿಪಟ್ಟರು. ಬಾನೆಟ್ ತೆಗೆದ ತಕ್ಷಣ ಹತ್ತಿರ ನಿಂತಿದ್ದವರು ಒಬ್ಬೊಬ್ಬರಾಗಿ ದೂರ ಹೋದರು. ಒಬ್ಬ ಹಿರಿಯರು ಮಾತ್ರ ನಿಂತು, "ಇದು ಫಿಯಟ್ ಅಲ್ಲಪ್ಪ, ಫಿಯಟ್ ವೇಷ ಹಾಕಿದ ಮಾರುತಿ" ಅಂದರು. ಅವರ ಮುಂದೆ ನಾನು ಏನೂ ಹೇಳಲಿಲ್ಲ. ಮನೆಗೆ ಬರುವ ತನಕ ಅದೇ ಮಾತು ಕೊರೆಯುತ್ತಿತ್ತು. ಆವತ್ತು ಹೇಳಬೇಕು ಅನಿಸಿದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಶೋಕಿಗೆ ಎಂಜಿನ್ ಬದಲಾಯಿಸಿದ್ದಲ್ಲ. ಹಳೇ 1089 ಸಿಸಿ ಎಂಜಿನ್ ಮೂರು ಸಲ ಬೋರ್ ಆಗಿತ್ತು, ಅಂದರೆ ಸವೆದ ಸಿಲಿಂಡರ್‌ಗಳನ್ನು ಮೂರು ಸಲ ಕೊರೆದು ಅಗಲ ಮಾಡಿಸಿದ್ದಾಗಿತ್ತು. 2009ರಲ್ಲಿ ಎರಡನೇ ಮತ್ತು ಮೂರನೇ ಸಿಲಿಂಡರ್ ನಡುವೆ ಬ್ಲಾಕ್ ಬಿರುಕು ಬಿಟ್ಟು, ನೀರು ಆಯಿಲ್ ಚೇಂಬರ್‌ಗೆ ಇಳಿದು, ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿತ್ತು. ಸ್ಟಿಚಿಂಗ್, ಅಂದರೆ ಬಿರುಕಿಗೆ ಲೋಹದ ಹೊಲಿಗೆ, ಮಾಡಿಸಿದೆ. ಎರಡು ವರ್ಷ ಓಡಿತು, ಮತ್ತೆ ಅಲ್ಲೇ ಬಿಟ್ಟಿತು. ಶಿವಾಜಿನಗರದ ಗುಜರಿಯಲ್ಲಿ ಎರಡು ದಿನ ಸುತ್ತಿ ಇನ್ನೊಂದು ಬ್ಲಾಕ್ ತಂದರೆ ಅದೂ ಎರಡು ಸಲ ಬೋರ್ ಆದದ್ದೇ. ಗಾಡಿ ಒಂದು ವರ್ಷ ಶೆಡ್ಡಿನಲ್ಲಿ ನಿಂತಿತ್ತು. ಮಳೆಗಾಲದಲ್ಲಿ ಶೆಡ್ಡಿನಲ್ಲಿ ನಿಂತ ಗಾಡಿ ಏನಾಗುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಫ್ಲೋರ್ ಮ್ಯಾಟ್ ಎತ್ತಿದರೆ ಕೆಳಗೆ ತುಕ್ಕು. ಅಪ್ಪ ದಿನಾ ಬೆಳಿಗ್ಗೆ ಹೋಗಿ ಒಂದು ಸಲ ಬಾಗಿಲು ತೆಗೆದು ಹಾಕಿ ಬರುತ್ತಿದ್ದರು.

ಆಗ ಒಂದು ಜಿಪ್ಸಿ ಪಲ್ಟಿಯಾಗಿ ಚಾಸಿಸ್ ಬಾಗಿದ್ದು ಸಿಕ್ಕಿತು. ಎಂಜಿನ್ ಚೆನ್ನಾಗಿತ್ತು. ಜಿಪ್ಸಿಯನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಎಸ್ಟೀಮ್ ಎಂಜಿನ್ ಕೂಡ ಇದೇ ಜಿ13 ಕುಟುಂಬದ್ದು, ಆದರೆ ಅದು ಅಡ್ಡ ಕೂರುತ್ತದೆ, ಮುಂದಿನ ಚಕ್ರ ತಿರುಗಿಸುತ್ತದೆ. ಫಿಯಟ್‌ಗೆ ಬೇಕಾದ್ದು ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುವ ಎಂಜಿನ್. ಜಿಪ್ಸಿಯಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆ ಡಬ್ಬಿ, ನಡುವೆ ಒಂದು ಚಿಕ್ಕ ಶಾಫ್ಟ್. ಅದನ್ನು ಬಿಟ್ಟು ಗೇರ್‌ಬಾಕ್ಸಿನಿಂದ ನೇರ ಹಿಂದಿನ ಆಕ್ಸಲ್‌ಗೆ ಪ್ರೊಪೆಲ್ಲರ್ ಶಾಫ್ಟ್ ಎಳೆಯಬಹುದು. ಹಳೇ ಎಂಜಿನ್ ಬೀಡು ಕಬ್ಬಿಣದ ಬ್ಲಾಕ್, ಇದು ಅಲ್ಯೂಮಿನಿಯಂ. ಹಳೆಯದು ಸುಮಾರು 40 ಹಾರ್ಸ್‌ಪವರ್, ಇದು 80. ಮುಂಭಾಗ ಸ್ವಲ್ಪ ಹಗುರಾಯಿತು, ಶಕ್ತಿ ಎರಡು ಪಟ್ಟಾಯಿತು.

ಶಿರಾಡಿ ಘಾಟಿಯಲ್ಲಿ ಬೇಸಿಗೆಯಲ್ಲಿ ಹತ್ತುವಾಗ ಎಂಜಿನ್‌ನ ಪೆಟ್ರೋಲ್ ಪಂಪ್ ಕಾದು ಗಾಳಿ ಕಟ್ಟಿ ಗಾಡಿ ನಿಲ್ಲುತ್ತಿತ್ತು. ಅಮ್ಮ ಯಾವಾಗಲೂ ಒಂದು ಹಳೇ ಟವೆಲ್, ಒಂದು ಬಾಟಲಿ ನೀರು ಇಟ್ಟುಕೊಂಡೇ ಹೊರಡುತ್ತಿದ್ದರು. ಟವೆಲ್ ಒದ್ದೆ ಮಾಡಿ ಪಂಪಿನ ಮೇಲೆ ಹಾಕಿ, ಹತ್ತು ನಿಮಿಷ ಕಾದು, ಮತ್ತೆ ಹೊರಡುವುದು. ಅದು ನಮ್ಮ ಮನೆಯ ನೆನಪು, ಅದರ ಬಗ್ಗೆ ನನಗೆ ಪ್ರೀತಿ ಇದೆ. ಆದರೆ ಅಪ್ಪನಿಗೆ ಹಾರ್ಟ್ ಆಪರೇಷನ್ ಆದ ಮೇಲೆ ಮಂಗಳೂರಿಗೆ ಚೆಕಪ್‌ಗೆ ಕರೆದುಕೊಂಡು ಹೋಗುವಾಗ, ಲಾರಿಗಳ ನಡುವೆ ತಿರುವಿನಲ್ಲಿ ಗಾಡಿ ನಿಲ್ಲಿಸಿ ಟವೆಲ್ ಹಾಕುವುದು ನನ್ನಿಂದ ಆಗುತ್ತಿರಲಿಲ್ಲ. ಅಪ್ಪ ಬೇರೆ ಕಾರಿನಲ್ಲಿ ಬರಲು ಒಪ್ಪುತ್ತಿರಲಿಲ್ಲ.

ಬಾಡಿಗೆ ಎಲ್ಲೂ ಕಟರ್ ಹಾಕಿಲ್ಲ, ಗೇರ್ ಲಿವರ್‌ಗೆ ಟನಲ್ (ನೆಲದ ನಡುವಿನ ಉಬ್ಬು) ಮೇಲೆ ಒಂದು ತೂತು ಬಿಟ್ಟು. ಹಳೇ ಎಂಜಿನ್, ಹ್ಯಾಂಡ್ ಗೇರಿನ (ಸ್ಟೀರಿಂಗ್ ಪಕ್ಕದ ಗೇರಿನ) ಬಾಕ್ಸ್, ರಾಡ್‌ಗಳು, ಕಾರ್ಬುರೇಟರ್, ಎಲ್ಲ ಗ್ರೀಸ್ ಹಚ್ಚಿ ಶೆಡ್ಡಿನಲ್ಲಿ ಇಟ್ಟಿದ್ದೇನೆ. ನನ್ನ ಪ್ರಕಾರ ಇದು ಫಿಯಟ್ಟೇ. ನೀವು ಏನಂತೀರಿ?

ಮೈಸೂರು 1100:

ಸರ್, ನಿಮ್ಮ ತಂದೆಯವರ ವಿಷಯ ಓದಿ ಮನಸ್ಸು ಭಾರವಾಯಿತು. ಆದರೂ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನದು 1965ರ ಫಿಯಟ್ 1100ಡಿ. ಎಲ್ಲವೂ ಒರಿಜಿನಲ್. ಮೂರು ಬೋರ್ ಆದ ಬ್ಲಾಕಿಗೆ ಸ್ಲೀವ್ (ಸಿಲಿಂಡರ್ ಒಳಗೆ ಕೂರುವ ಹೊಸ ಲೋಹದ ಕೊಳವೆ) ಹಾಕಿ ಮತ್ತೆ ಮೂಲದ 68 ಮಿಲಿಮೀಟರ್ ಅಗಲಕ್ಕೆ ತರಬಹುದು. ಸ್ಲೀವ್ ಹಾಕುವಾಗ ಬಿರುಕೂ ಅದರ ಹಿಂದೆ ಮುಚ್ಚಿಹೋಗುವ ಸಾಧ್ಯತೆ ಇರುತ್ತದೆ. ಮೈಸೂರಿನಲ್ಲಿ ಅದನ್ನು ಕೈಯಾರೆ ಮಾಡುವ ಒಬ್ಬರು ಯಜಮಾನರು ಇದ್ದಾರೆ, ಎಪ್ಪತ್ತು ದಾಟಿದೆ. ಅವರ ಹತ್ತಿರ ಈಗ ಕೆಲಸ ಕಲಿಯಲು ಯಾರೂ ಇಲ್ಲ, ಯಾಕೆಂದರೆ ಕೆಲಸವೇ ಬರುತ್ತಿಲ್ಲ. ಕೆಟ್ಟ ತಕ್ಷಣ ಎಲ್ಲರೂ ಮಾರುತಿ ಎಂಜಿನ್ ಹಾಕಿಸಿದರೆ ಆ ವಿದ್ಯೆ ಅವರ ಜೊತೆಗೇ ಹೋಗುತ್ತದೆ. ನನಗೆ ಹೆದರಿಕೆ ಇರುವುದು ಅದರ ಬಗ್ಗೆ. ಬ್ರ್ಯಾಂಡ್ ಬಗ್ಗೆ ಹುಚ್ಚು ಅಂತ ದಯವಿಟ್ಟು ತಿಳಿಯಬೇಡಿ.

ಇನ್ನೊಂದು ವಿಷಯ ಹ್ಯಾಂಡ್ ಗೇರ್. ಫಿಯಟ್ ಅಂದರೆ ಸ್ಟೀರಿಂಗ್ ಪಕ್ಕದ ಆ ಗೇರ್, ಮುಂದೆ ಉದ್ದದ ಒಂದೇ ಸೀಟು, ಮೂವರು ಕೂತು ಹೋಗುವುದು. ಅದನ್ನು ತೆಗೆದು ಕೆಳಗೆ ಲಿವರ್ ಹಾಕಿದರೆ ನಡುವೆ ಕೂರುವವರು ಕಾಲು ಎಲ್ಲಿಡಬೇಕು?

ಉಡುಪಿ ಅಂಬಾಸಿಡರ್:

ನಾನು ಅಂಬಾಸಿಡರ್ ಕಡೆಯವಳು, ಆದರೂ ಮಾತಾಡುತ್ತೇನೆ.

ಒರಿಜಿನಲ್ ಅಂತ ನಾವು ಯಾವುದಕ್ಕೆ ಹೇಳುತ್ತಿದ್ದೇವೆ ಅಂತ ಒಂದು ಸಲ ಯೋಚನೆ ಮಾಡಿ. ಮೊದಲ ಅಂಬಾಸಿಡರ್‌ಗಳಲ್ಲಿ ಇದ್ದದ್ದು 1476 ಸಿಸಿ ಸೈಡ್ ವಾಲ್ವ್ ಎಂಜಿನ್. 1959ರಲ್ಲಿ ಅದನ್ನು ತೆಗೆದು 1489 ಸಿಸಿ ಓವರ್‌ಹೆಡ್ ವಾಲ್ವ್ ಎಂಜಿನ್ ಹಾಕಿದರು. 1990ರ ದಶಕದಲ್ಲಿ ಅದೇ ಬಾಡಿಗೆ ಜಪಾನಿನ ಇಸುಜು 1817 ಸಿಸಿ ಎಂಜಿನ್, ಐದು ಗೇರ್. ಬಾಡಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನದು, ಎಂಜಿನ್ ಜಪಾನಿನದು, ಜೋಡಿಸಿದ್ದು ಬಂಗಾಳದ ಉತ್ತರಪಾರಾದಲ್ಲಿ. ಅದನ್ನು ಯಾರೂ ವೇಷ ಹಾಕಿದ ಇಸುಜು ಅಂತ ಕರೆಯಲಿಲ್ಲ. ಫಿಯಟ್ ಕಡೆಗೂ ಅದೇ ಕಥೆ ಅಲ್ವಾ? ಪ್ರೀಮಿಯರ್‌ನವರು 1985ರಲ್ಲಿ ತಂದ 118 ಎನ್‌ಇ ಕಾರಿನ ಬಾಡಿ ಫಿಯಟ್ 124ರದ್ದು, ಎಂಜಿನ್ ನಿಸ್ಸಾನ್‌ನದು. ಕಂಪನಿ ಮಾಡಿದರೆ ಹೊಸ ಮಾಡೆಲ್, ಮನೆಯವರು ಮಾಡಿದರೆ ತಪ್ಪು ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ನಮ್ಮದು 1971ರ ಮಾರ್ಕ್ 2. ಅಪ್ಪ 1999ರಲ್ಲಿ ಅದಕ್ಕೆ ಆಕ್ಸಿಡೆಂಟ್ ಆದ ಗಾಡಿಯ ಇಸುಜು ಎಂಜಿನ್ ಹಾಕಿಸಿದರು. ಇವತ್ತಿಗೂ ಆಗುಂಬೆ ಘಾಟಿ ಹತ್ತುತ್ತದೆ. ಆದರೆ ನಾವು ಒಂದು ತಪ್ಪು ಮಾಡಿದೆವು. ಹಳೇ ಎಂಜಿನ್ನನ್ನು ಕೆಜಿ ಲೆಕ್ಕದಲ್ಲಿ ಗುಜರಿಗೆ ಕೊಟ್ಟುಬಿಟ್ಟೆವು. ಆಗ ಅದು ಜಾಗ ತಿನ್ನುವ ಕಬ್ಬಿಣ ಅನಿಸಿತ್ತು. ಅಪ್ಪ ಹೋದ ಮೇಲೆ, ಅವರು ಅಷ್ಟು ವರ್ಷ ಕೈಯಾರೆ ಟ್ಯಾಪೆಟ್ ಸೆಟ್ ಮಾಡುತ್ತಿದ್ದ ಎಂಜಿನ್ ಅದು ಅಂತ ನೆನಪಾದಾಗ ತುಂಬಾ ಸಂಕಟವಾಗುತ್ತದೆ. ಸಕಲೇಶಪುರದವರು ಇಟ್ಟುಕೊಂಡಿದ್ದಾರಲ್ಲ, ಅದಕ್ಕೆ ನನ್ನ ಮೆಚ್ಚುಗೆ.

ಮಂಡ್ಯ ಗ್ಯಾರೇಜ್:

ನಾನು ಕೆಲಸ ಮಾಡುವವನು, ಎರಡೂ ಕಡೆ ಕೆಲಸ ಮಾಡಿಕೊಟ್ಟಿದ್ದೇನೆ. ಎಂಜಿನ್ ಯಾವುದು ಅಂತ ಜಗಳ ಮಾಡುವ ಮೊದಲು ಬ್ರೇಕ್ ಯಾವುದು ಅಂತ ಕೇಳಿ. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್. 40 ಹಾರ್ಸ್‌ಪವರ್‌ಗೆ ಲೆಕ್ಕ ಹಾಕಿ ಮಾಡಿದ್ದು. 80 ಹಾಕಿದರೆ ಅದು ಸಾಕಾಗುವುದಿಲ್ಲ. ಎಂಜಿನ್ ಬದಲಾಯಿಸಿಕೊಂಡು ಬಂದು ಆರು ತಿಂಗಳಿಗೆ ಎದುರಿನ ಗಾಡಿಗೆ ಗುದ್ದಿ ನನ್ನ ಹತ್ತಿರ ತಂದವರು ಇದ್ದಾರೆ. ಅಣ್ಣ, ನೀವು ಮುಂದೆ ಡಿಸ್ಕ್ ಹಾಕಿಸಿದ್ದೀರಾ? ಹಿಂದಿನ ಆಕ್ಸಲ್ ಒಳಗಿನ ಕ್ರೌನ್ ಗೇರ್ ಹಳೆಯದೇನಾ? ಎಂಜಿನ್ ಮೌಂಟಿಂಗ್ ಎಲ್ಲಿಗೆ ಕೊಟ್ಟಿದ್ದೀರಿ?

ಸಕಲೇಶಪುರ ಫಿಯಟ್:

ಮೈಸೂರು ಸರ್, ಹ್ಯಾಂಡ್ ಗೇರ್ ಬಗ್ಗೆ ನೀವು ಹೇಳಿದ್ದು ನಿಜ. ಇಡೀ ಕೆಲಸದಲ್ಲಿ ನನಗೆ ಇವತ್ತಿಗೂ ನೋವು ಇರುವುದು ಅದೊಂದೇ. ತಂಗಿ ಯಾವಾಗಲೂ ಅಪ್ಪ ಅಮ್ಮನ ನಡುವೆ ಕೂರುತ್ತಿದ್ದಳು. ಆ ಜಾಗದಲ್ಲಿ ಈಗ ಲಿವರ್ ಇದೆ. ಉದ್ದ ಸೀಟು ಹಾಗೇ ಇದೆ, ನಡುವೆ ಮಗು ಕೂರಬಹುದು, ದೊಡ್ಡವರು ಆಗುವುದಿಲ್ಲ.

ಮಂಡ್ಯದ ಅಣ್ಣ, ಬ್ರೇಕಿಗೇ ಮೊದಲು ದುಡ್ಡು ಹಾಕಿದ್ದು. ಮುಂದೆ ಡಿಸ್ಕ್. ಅದಕ್ಕೆ ಕ್ಯಾಲಿಪರ್ ಕೂರುವ ಬ್ರ್ಯಾಕೆಟ್ ಲೇಥ್‌ನಲ್ಲಿ ಮಾಡಿಸಿದೆ, ಒಂದು ಸಲ ತಪ್ಪಾಯಿತು, ಎರಡನೇ ಸಲ ದಪ್ಪ ಪ್ಲೇಟಿನಲ್ಲಿ ಮಾಡಿಸಿದೆ. ಜೊತೆಗೆ ಬೂಸ್ಟರ್. ಹಿಂದೆ ಡ್ರಮ್ಮೇ ಇದೆ. ಕ್ರೌನ್ ಹಳೆಯದೇ. ನಾನು ಒದ್ದು ಓಡಿಸುವುದಿಲ್ಲ, ಹನ್ನೆರಡು ವರ್ಷ ದಾಟಿತು, ಇಲ್ಲಿವರೆಗೆ ಸದ್ದು ಬಂದಿಲ್ಲ.

ಮೌಂಟಿಂಗ್ ಹಳೇ ಬೋಲ್ಟ್ ಜಾಗಗಳಿಗೇ. ಮಧ್ಯೆ ಅಡಾಪ್ಟರ್ ಪ್ಲೇಟ್ ಹಾಕಿದ್ದೇವೆ. ಈ ಗಾಡಿಗೆ ಚಾಸಿಸ್ ಅಂತ ಬೇರೆ ಇಲ್ಲ, ಬಾಡಿನೇ ಚಾಸಿಸ್. ಒಂದು ಕಡೆ ಕೊಯ್ದರೆ ಇನ್ನೊಂದು ಕಡೆ ಬಾಗಿಲು ಕೂರುವುದಿಲ್ಲ. ಅದಕ್ಕೇ ನಮ್ಮ ಮೆಕ್ಯಾನಿಕ್‌ಗೆ ಕಟರ್ ಮುಟ್ಟಬಾರದು ಅಂತ ಮೊದಲ ದಿನವೇ ಹೇಳಿದ್ದೆ. ಎಂಜಿನ್ ಇಳಿಸಿದರೆ ಆಯಿಲ್ ಚೇಂಬರ್ ಹೋಗಿ ಬಾಡಿಯ ಅಡ್ಡ ತೊಲೆಗೆ, ಅಂದರೆ ಕ್ರಾಸ್ ಮೆಂಬರ್‌ಗೆ, ತಗುಲುತ್ತಿತ್ತು. ಕ್ರಾಸ್ ಮೆಂಬರ್ ಸ್ವಲ್ಪ ಕೊಯ್ದರೆ ಅರ್ಧ ದಿನದ ಕೆಲಸ, ನಾವು ಚೇಂಬರ್‌ನ್ನೇ ಕತ್ತರಿಸಿ ಬೇರೆ ಆಕಾರಕ್ಕೆ ವೆಲ್ಡ್ ಮಾಡಿದೆವು. ಐದು ದಿನ ಹಿಡಿಯಿತು. ಒಳಗೆ ಆಯಿಲ್ ಎಳೆಯುವ ಪೈಪನ್ನೂ ಬಗ್ಗಿಸಬೇಕಾಯಿತು. ಜಿಪ್ಸಿಯ ಚೇಂಬರ್ ಇನ್ನೊಂದು ಸಿಗುತ್ತದೆ, ಫಿಯಟ್‌ನ ಬಾಡಿ ಇನ್ನೊಂದು ಸಿಗುವುದಿಲ್ಲ.

ಪ್ರೊಪೆಲ್ಲರ್ ಶಾಫ್ಟ್ ತುಂಬಾ ಕಾಡಿತು. ಉದ್ದ ಬದಲಾಯಿಸಿ ವೆಲ್ಡ್ ಮಾಡಿಸಿದೆವು, 70ರ ಸ್ಪೀಡ್‌ನಲ್ಲಿ ಸೀಟೆಲ್ಲ ನಡುಗುತ್ತಿತ್ತು. ಮೂರು ಸಲ ಬಿಚ್ಚಿ, ಕೊನೆಗೆ ಬೆಂಗಳೂರಿನಲ್ಲಿ ಮೆಷಿನ್ ಮೇಲೆ ಬ್ಯಾಲೆನ್ಸ್ ಮಾಡಿಸಿದ ಮೇಲೆ ಸರಿಯಾಯಿತು. ಮೊದಲೇ ಅಲ್ಲಿಗೆ ಹೋಗಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಪೆಟ್ರೋಲ್ ಲೈನ್ ಕೂಡ ಬೇರೆ. ಇಂಜೆಕ್ಷನ್ ಎಂಜಿನ್‌ಗೆ ಕರೆಂಟ್ ಪಂಪ್ ಬೇಕು, ಜಾಸ್ತಿ ಒತ್ತಡ ತಡೆಯುವ ಹೋಸ್ ಬೇಕು, ಉಳಿದ ಪೆಟ್ರೋಲ್ ವಾಪಸ್ ಟ್ಯಾಂಕಿಗೆ ಹೋಗುವ ಪೈಪ್ ಬೇಕು. ಫಿಯಟ್ ಟ್ಯಾಂಕಿನ ಒಳಗೆ ತಡೆ ಇಲ್ಲ. ಪೆಟ್ರೋಲ್ ಕಡಿಮೆ ಇದ್ದಾಗ ತಿರುವಿನಲ್ಲಿ ಎಲ್ಲ ಒಂದು ಕಡೆ ಹರಿದು ಪಂಪ್ ಗಾಳಿ ಎಳೆಯುತ್ತಿತ್ತು. ಡಿಕ್ಕಿಯಲ್ಲಿ ಒಂದು ಚಿಕ್ಕ ಡಬ್ಬಿ ಮಾಡಿಸಿ, ಅದು ಯಾವಾಗಲೂ ತುಂಬಿರುವ ಹಾಗೆ ಮಾಡಿ, ಅಲ್ಲಿಂದ ಪಂಪಿಗೆ ಕೊಟ್ಟೆವು. ಮತ್ತೆ ಟವೆಲ್ ಬೇಕಾಗಿಲ್ಲ.

ಕೋಲಾರ ಕಾಂಟೆಸ್ಸಾ:

ಅಬ್ಬಾ, ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ. ಥ್ಯಾಂಕ್ಸ್ ಅಣ್ಣ.

ನನ್ನದು 1987ರ ಕಾಂಟೆಸ್ಸಾ, ಅಂಬಾಸಿಡರ್ ಕಂಪನಿಯದೇ ದೊಡ್ಡ ಕಾರು. ಅಷ್ಟು ದೊಡ್ಡ ಬಾಡಿಗೆ ಅಂಬಾಸಿಡರ್‌ನ 1489 ಸಿಸಿ ಎಂಜಿನ್, 50 ಹಾರ್ಸ್‌ಪವರ್. ಪಿಕಪ್ ಇಲ್ಲವೇ ಇಲ್ಲ. ಮುಳಬಾಗಿಲು ದಾಟಿ ತಿರುಪತಿ ಕಡೆ ಹೋಗುವಾಗ ಲಾರಿ ಓವರ್‌ಟೇಕ್ ಮಾಡಲು ಭಯ. ಕೇರಳದ ಕೆಲವರು ಟೊಯೊಟಾದ ಆರು ಸಿಲಿಂಡರ್ ಎಂಜಿನ್ ಹಾಕಿದ ವಿಡಿಯೋ ನೋಡಿದ್ದೇನೆ. ಅದೇ ಮಾಡಿಸಬೇಕು ಅಂತ ದುಡ್ಡು ಕೂಡಿಡುತ್ತಿದ್ದೇನೆ. ಸರಿ ಹೋಗುತ್ತದಾ?

ಮಂಡ್ಯ ಗ್ಯಾರೇಜ್:

ತಮ್ಮಾ, ಬೇಡ. ನಿನಗೆ ಬೇಕಾಗಿರುವುದು ಲಾರಿ ದಾಟುವ ಶಕ್ತಿ. ಅದಕ್ಕೆ ಅಷ್ಟು ದೊಡ್ಡ ಎಂಜಿನ್ ಬೇಡ. ಅದನ್ನು ಹಾಕಿದರೆ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಬ್ರೇಕ್, ರೇಡಿಯೇಟರ್ ಎಲ್ಲ ಬದಲಾಗಬೇಕು. ಕೊನೆಗೆ ಕಾಂಟೆಸ್ಸಾದಲ್ಲಿ ಉಳಿಯುವುದು ಬಾಗಿಲು, ಗಾಜು ಅಷ್ಟೇ. ನಿನ್ನ ಗಾಡಿಗೇ ಕಂಪನಿಯವರು ಆಮೇಲೆ 1.8 ಇಸುಜು ಹಾಕಿದರಲ್ಲ, 88 ಹಾರ್ಸ್‌ಪವರ್, ಕಾಂಟೆಸ್ಸಾ ಕ್ಲಾಸಿಕ್ ಅಂತ ಬಂತಲ್ಲ, ಅದರ ಎಂಜಿನ್, ಗೇರ್‌ಬಾಕ್ಸ್ ಒಟ್ಟಿಗೆ ಹುಡುಕು. ಮೌಂಟಿಂಗ್ ಸಮೇತ ಕಂಪನಿ ಲೆಕ್ಕ ಹಾಕಿ ಕೊಟ್ಟಿದೆ. ನಾವು ಹೊಸದಾಗಿ ಕಂಡುಹಿಡಿಯುವುದು ಏನೂ ಇಲ್ಲ.

ತಗೊಳ್ಳುವಾಗ ಎಂಜಿನ್ ಮಾತ್ರ ತಗೊಳ್ಳಬೇಡ. ಮೌಂಟಿಂಗ್ ಬ್ರ್ಯಾಕೆಟ್, ಕ್ಲಚ್, ಪ್ರೊಪೆಲ್ಲರ್ ಶಾಫ್ಟ್, ಸೈಲೆನ್ಸರ್ ಮುಂದಿನ ಪೈಪ್, ಆಕ್ಸಿಲರೇಟರ್ ಕೇಬಲ್, ಸ್ಪೀಡೋಮೀಟರ್ ಕೇಬಲ್ ತನಕ ಎಲ್ಲ ಅದೇ ಗಾಡಿಯಿಂದ ಬರಲಿ. ಇಂಜೆಕ್ಷನ್ ಎಂಜಿನ್ ಆದರೆ ಕಂಪ್ಯೂಟರ್ ಡಬ್ಬಿ, ವೈರಿಂಗ್ ಒಂದು ತಂತಿಯೂ ಕತ್ತರಿಸದೆ ತಗೊಳ್ಳಬೇಕು. ಗುಜರಿಯವರು ಬೇಗ ಬಿಚ್ಚಲು ಕಟ್ ಮಾಡಿಬಿಡುತ್ತಾರೆ, ಆಮೇಲೆ ಯಾವ ತಂತಿ ಯಾವುದಕ್ಕೆ ಅಂತ ಹುಡುಕುವುದರಲ್ಲೇ ತಿಂಗಳು ಹೋಗುತ್ತದೆ.

ಈಗಿನ ಪೆಟ್ರೋಲ್‌ನಲ್ಲಿ ಶೇಕಡ 20 ಎಥನಾಲ್ ಇದೆ. ಹಳೇ ರಬ್ಬರ್ ಹೋಸ್, ಕಾರ್ಬುರೇಟರ್ ಒಳಗಿನ ಡಯಾಫ್ರಾಮ್ ಬೇಗ ಹಾಳಾಗುತ್ತದೆ. ಎಂಜಿನ್ ಬದಲಾಯಿಸಿದರೂ ಸರಿ, ಬಿಟ್ಟರೂ ಸರಿ, ಹೋಸ್‌ಗಳನ್ನು ಎಲ್ಲರೂ ಬದಲಾಯಿಸಿ. ಬಾನೆಟ್ ಒಳಗೆ ಪೆಟ್ರೋಲ್ ಸೋರಿ ಬೆಂಕಿ ಹಿಡಿದರೆ ಒರಿಜಿನಲ್ಲೂ ಇಲ್ಲ, ಇನ್ನೊಂದೂ ಇಲ್ಲ.

ದಾವಣಗೆರೆ ಲಾಯರ್:

ಕಾನೂನಿನ ವಿಷಯ ಯಾರೂ ಎತ್ತಿಲ್ಲ, ನಾನು ಹೇಳಿಬಿಡುತ್ತೇನೆ. ಕೋಲಾರದ ತಮ್ಮ ದುಡ್ಡು ಖರ್ಚು ಮಾಡುವ ಮೊದಲು ಇದನ್ನು ಓದಲಿ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೊದಲು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿ ಇರುವ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಮಾಲೀಕರು ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಬಂತು. ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳ ತನಕ ಜೈಲು, ಅಥವಾ ಎರಡೂ. ಸಿಎನ್‌ಜಿ, ಬ್ಯಾಟರಿ ಇಂಥವಕ್ಕೆ ಒಪ್ಪಿಗೆ ಪಡೆದ ಕಿಟ್ ಹಾಕಲು ದಾರಿ ಇದೆ. ಬೇರೆ ಕಂಪನಿಯ ಪೆಟ್ರೋಲ್ ಎಂಜಿನ್ ಹಾಕುವುದು ಕಷ್ಟದ ದಾರಿ. ಆರ್‌ಸಿಯಲ್ಲಿ ಒಂದು ಎಂಜಿನ್ ನಂಬರ್, ಗಾಡಿಯಲ್ಲಿ ಇನ್ನೊಂದು ಇದ್ದರೆ ಆಕ್ಸಿಡೆಂಟ್ ಆದ ದಿನ ಇನ್ಶೂರೆನ್ಸ್‌ನವರು ಅದನ್ನೇ ಹಿಡಿಯುತ್ತಾರೆ. ಮೊದಲು ಆರ್‌ಟಿಒಗೆ ಲಿಖಿತ ಅರ್ಜಿ, ಉತ್ತರ ಬಂದ ಮೇಲೆ ಸ್ಪ್ಯಾನರ್.

50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿ ಬಂತು. ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತದೆ. ಶುಲ್ಕ 20,000, ಹತ್ತು ವರ್ಷಕ್ಕೆ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು. ಸಕಲೇಶಪುರದವರ ಗಾಡಿಗೆ 2028ರಲ್ಲಿ 50 ತುಂಬುತ್ತದೆ. ಈಗಿನ ಎಂಜಿನ್ ಇಟ್ಟುಕೊಂಡು ಆ ಪ್ಲೇಟ್ ಸಿಗುವುದಿಲ್ಲ. ಇದು ಗೊತ್ತಿರಲಿ.

ಸಕಲೇಶಪುರ ಫಿಯಟ್:

ನಾನು 2012ರಲ್ಲೇ ಅರ್ಜಿ ಕೊಟ್ಟು, ಗಾಡಿ ತೋರಿಸಿ, ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬರೆಸಿಕೊಂಡಿದ್ದೇನೆ. ಜಿಪ್ಸಿ ಮಾಲೀಕರ ಕಾಗದ, ಆ ಗಾಡಿ ರದ್ದಾದ ಕಾಗದ ಎಲ್ಲ ಫೈಲ್‌ನಲ್ಲಿದೆ. ಇನ್ಶೂರೆನ್ಸ್‌ನಲ್ಲೂ ಅದೇ ನಂಬರ್. ಹೊಸದಾಗಿ ಮಾಡುವವರು ಲಾಯರ್ ಸರ್ ಹೇಳಿದ ಹಾಗೇ ಮಾಡಿ. ವಿಎ ಪ್ಲೇಟ್ ವಿಷಯ ನನಗೆ ಗೊತ್ತಿತ್ತು. ಆ ಪ್ಲೇಟ್ ಹಾಕಿದ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗೂ ಇಲ್ಲವಲ್ಲ. ನಮ್ಮ ಗಾಡಿ ವಾರಕ್ಕೆ ಎರಡು ಸಲ ಸಂತೆಗೆ ಹೋಗುತ್ತದೆ.

ಮ್ಯೂನಿಕ್ ಕನ್ನಡಿಗ:

ಇಲ್ಲಿ ಹೇಗೆ ಅಂತ ಹೇಳುತ್ತೇನೆ, ಹೋಲಿಕೆಗೆ ಉಪಯೋಗ ಆಗಬಹುದು.

ಜರ್ಮನಿಯಲ್ಲಿ 30 ವರ್ಷ ದಾಟಿದ ಗಾಡಿಗೆ ಎಚ್ ಅಕ್ಷರದ ನಂಬರ್ ಪ್ಲೇಟ್ ಸಿಗುತ್ತದೆ. ಎಂಜಿನ್ ಬದಲಾಗಿದ್ದರೂ ಸಿಗಬಹುದು, ಆದರೆ ಆ ಬದಲಾವಣೆ ಗಾಡಿ ಹೊಸದಾಗಿದ್ದ ಮೊದಲ ಹತ್ತು ವರ್ಷದಲ್ಲಿ ಆಗಿರಬೇಕು, ಇಲ್ಲವೇ ಆ ಕಾಲದಲ್ಲಿ ಆಗಬಹುದಾಗಿದ್ದ ಬದಲಾವಣೆ ಆಗಿರಬೇಕು. ಆ ಕಾಲದವರು ಮಾಡುತ್ತಿದ್ದ ಬದಲಾವಣೆಯೂ ಆ ಗಾಡಿಯ ಚರಿತ್ರೆಯೇ ಅಂತ ಲೆಕ್ಕ. ನನಗೆ ಈ ಯೋಚನೆ ತುಂಬಾ ಇಷ್ಟ. ಉಡುಪಿ ಮೇಡಂ ಅವರ ಮಾರ್ಕ್ 2ಗೆ ತಂದೆಯವರು ಇಸುಜು ಹಾಕಿಸಿದ್ದು ಕರಾವಳಿಯಲ್ಲಿ ಜನ ಅಂಬಾಸಿಡರ್ ಹೇಗೆ ಓಡಿಸಿದರು ಅನ್ನುವುದರ ಒಂದು ಭಾಗ.

ಮೊದಲು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೆ. ಆಗ ಬ್ರಿಟನ್ನಿನಲ್ಲಿ, ತುಂಬಾ ಬದಲಾಯಿಸಿದ ಗಾಡಿ ಹಳೇ ನಂಬರ್ ಉಳಿಸಿಕೊಳ್ಳಲು 8 ಅಂಕ ಬೇಕಿತ್ತು. ಚಾಸಿಸ್ ಅಥವಾ ಬಾಡಿಗೆ 5, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್ ತಲಾ 2. ಎಂಜಿನ್‌ಗೆ ಬರೀ 1. ಅಲ್ಲಿನ ಸರ್ಕಾರದ ಲೆಕ್ಕದಲ್ಲಿ ಗಾಡಿ ಅಂದರೆ ಬಾಡಿ. ಸಕಲೇಶಪುರದವರ ಫಿಯಟ್‌ಗೆ ಎಂಜಿನ್, ಗೇರ್‌ಬಾಕ್ಸ್ ಕಳೆದರೂ 11 ಬರುತ್ತದೆ.

ಮೈಸೂರು 1100:

ಎಲ್ಲವನ್ನೂ ಎರಡು ಸಲ ಓದಿದೆ. ಬಾಡಿ ಕೊಯ್ಯಲಿಲ್ಲ, ಹಳೇ ಎಂಜಿನ್ ಇಟ್ಟಿದ್ದಾರೆ, ಕಾಗದ ಸರಿ ಇದೆ. ಇವರ ಗಾಡಿಗೆ ವೇಷ ಅನ್ನುವ ಮಾತು ಸಲ್ಲದು. ಹಾಸನದಲ್ಲಿ ಹಾಗೆ ಅಂದವರು ನಾನಲ್ಲ, ಆದರೆ ನಾನು ಅಲ್ಲಿದ್ದರೆ ನಾನೂ ದೂರ ಹೋಗುತ್ತಿದ್ದೆ. ಅದು ತಪ್ಪಾಗುತ್ತಿತ್ತು.

ಆದರೂ ಒಂದು ಮಾತು ಬಿಡಲಾರೆ. ಇವರನ್ನು ನೋಡಿ ಮಾಡುವ ಹತ್ತು ಜನರಲ್ಲಿ ಎಂಟು ಜನ ಕಟರ್ ಹಾಕುತ್ತಾರೆ. ಪದ್ಮಿನಿ ತಯಾರಿ 2000ದ ಹೊತ್ತಿಗೆ ನಿಂತಿತು. ಮುಂಬೈಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್‌ಗೆ ಮುಗಿದವು. ಅವುಗಳಿಂದ ಬರುತ್ತಿದ್ದ ಸ್ಪೇರ್ಸ್ ಕೂಡ ನಿಲ್ಲುತ್ತದೆ. ಈಗ ಕೊಯ್ದ ಒಂದೊಂದು ಬಾಡಿಯೂ ಶಾಶ್ವತವಾಗಿ ಹೋದ ಹಾಗೆ. ಚೆನ್ನಾಗಿ ಓಡುತ್ತಿರುವ ಒರಿಜಿನಲ್ ಎಂಜಿನ್ ಇದ್ದವರು ದಯವಿಟ್ಟು ಅದನ್ನು ಇಳಿಸಬೇಡಿ.

ಉಡುಪಿ ಅಂಬಾಸಿಡರ್:

ಇದು ನೂರಕ್ಕೆ ನೂರು ಒಪ್ಪಿಗೆ. ಶ್ರೀರಂಗಪಟ್ಟಣದ ಪಯಣ ಮ್ಯೂಸಿಯಂನಲ್ಲಿ, ಧರ್ಮಸ್ಥಳದಲ್ಲಿ ಹಳೇ ಗಾಡಿಗಳನ್ನು ನೋಡಿ ನಾನು ಗಂಟೆಗಟ್ಟಲೆ ನಿಂತಿದ್ದೇನೆ. ಅವು ಬೇಕು. ಅವುಗಳ ಜೊತೆ ಮೀನು ಮಾರ್ಕೆಟ್‌ಗೆ ಹೋಗಿ ಬರುವ ನಮ್ಮಂಥ ಗಾಡಿಗಳೂ ಬೇಕು. ನನ್ನ ಮಗನಿಗೆ ಅಂಬಾಸಿಡರ್ ಅಂದರೆ ಅಜ್ಜನ ಗಾಡಿಯ ಹಿಂದಿನ ಸೀಟು. ಎಂಜಿನ್ ಯಾವುದು ಅಂತ ಅವನು ಇವತ್ತಿನವರೆಗೆ ಕೇಳಿಲ್ಲ.

ಕೋಲಾರ ಕಾಂಟೆಸ್ಸಾ:

ಆರು ಸಿಲಿಂಡರ್ ಆಸೆ ಬಿಟ್ಟೆ. ಇವತ್ತು ಹೊಸೂರಿನಲ್ಲಿ ಒಂದು 1.8 ಕ್ಲಾಸಿಕ್ ಇದೆ ಅಂತ ಗೊತ್ತಾಯಿತು, ಬಾಡಿ ಪೂರ್ತಿ ತುಕ್ಕು, ಎಂಜಿನ್ ಸ್ಟಾರ್ಟ್ ಆಗುತ್ತದಂತೆ. ಸೋಮವಾರ ಮೊದಲು ಆರ್‌ಟಿಒಗೆ ಹೋಗಿ ಕೇಳುತ್ತೇನೆ, ಆಮೇಲೆ ಅಡ್ವಾನ್ಸ್. ಬ್ರೇಕ್ ಕೆಲಸ ಈ ವಾರವೇ ಶುರು. 1489 ಎಂಜಿನ್ ಇಡಲು ಅಜ್ಜಿ ಮನೆಯ ಕೊಟ್ಟಿಗೆಯಲ್ಲಿ ಜಾಗ ಕೇಳಿದ್ದೇನೆ, ಒಪ್ಪಿದ್ದಾರೆ.

ಮಂಡ್ಯ ಗ್ಯಾರೇಜ್:

ಸ್ಟಾರ್ಟ್ ಆಗುತ್ತದಂತೆ ಅನ್ನುವ ಮಾತು ನಂಬಬೇಡ. ಕಂಪ್ರೆಷನ್ ಗೇಜ್ ತಗೊಂಡು ಹೋಗು. ನಾಲ್ಕೂ ಸಿಲಿಂಡರ್ ಹತ್ತಿರ ಹತ್ತಿರ ಇರಬೇಕು. ರೇಡಿಯೇಟರ್ ಮುಚ್ಚಳ ತೆಗೆದು, ಎಂಜಿನ್ ಓಡುವಾಗ ಗುಳ್ಳೆ ಬರುತ್ತದಾ ನೋಡು. ಬಂದರೆ ಬಿಟ್ಟು ಬಾ.

ಮೈಸೂರು 1100:

ಸಕಲೇಶಪುರ ಸರ್, ಒಂದು ಕೇಳಲಾ? ನಿಮ್ಮ ಹಳೇ ಬ್ಲಾಕ್ ತಗೊಂಡು ಮೈಸೂರಿಗೆ ಬನ್ನಿ. ನಾನು ಹೇಳಿದ ಯಜಮಾನರಿಗೆ ತೋರಿಸೋಣ. ಸ್ಲೀವ್ ಹಾಕಿ ಉಳಿಸಬಹುದಾ ಅಂತ ಅವರು ಕೈಯಲ್ಲಿ ಹಿಡಿದೇ ಹೇಳುತ್ತಾರೆ. ಗಾಡಿಯಲ್ಲಿ ಜಿಪ್ಸಿ ಎಂಜಿನ್ ಇರಲಿ, ಅಪ್ಪನವರು ಓಡಾಡಲಿ. ಆ ಎಂಜಿನ್ ಸರಿ ಮಾಡಿ ಸ್ಟ್ಯಾಂಡ್ ಮೇಲೆ ಓಡುವ ಹಾಗೆ ಇಡೋಣ. ಮಂಡ್ಯದವರ ಗ್ಯಾರೇಜಿನಲ್ಲಿ ಹುಡುಗರು ಇದ್ದರೆ ಅವರೂ ಬರಲಿ, ಯಜಮಾನರು ಕೆಲಸ ಮಾಡುವಾಗ ನೋಡಲಿ.

ಮಂಡ್ಯ ಗ್ಯಾರೇಜ್:

ಇಬ್ಬರು ಹುಡುಗರನ್ನು ಕಳಿಸುತ್ತೇನೆ. ಒಂದು ವಾರ ಬೇಕಾದರೂ ಅಲ್ಲೇ ಇರಲಿ, ಊಟ, ಬಸ್ಸಿನ ಖರ್ಚು ನನ್ನದು.

ಸಕಲೇಶಪುರ ಫಿಯಟ್:

ಸರ್, ಅಪ್ಪನಿಗೆ ಇದನ್ನು ಓದಿ ಹೇಳಿದೆ. ಶೆಡ್ಡಿಗೆ ಹೋಗಿ ಟಾರ್ಪಾಲ್ ತಾವೇ ತೆಗೆದರು. ಭಾನುವಾರ ಬ್ಲಾಕ್ ಡಿಕ್ಕಿಯಲ್ಲಿ ಹಾಕಿಕೊಂಡು ಅದೇ ಗಾಡಿಯಲ್ಲಿ ಬರುತ್ತೇವೆ, ಅಪ್ಪನೂ ಬರುತ್ತಾರೆ. ಹೆಡ್ ಬೇಕಾಗುತ್ತದಾ, ಬರೀ ಬ್ಲಾಕ್ ಸಾಕಾ?

ಮೈಸೂರು 1100:

ಹೆಡ್ಡೂ ತನ್ನಿ. ಕ್ರ್ಯಾಂಕ್ ಇದ್ದರೆ ಅದೂ ಇರಲಿ, ಆದರೆ ಮಲಗಿಸಬೇಡಿ, ನಿಲ್ಲಿಸಿ ಕಟ್ಟಿ. ಬೆಳಿಗ್ಗೆ ಹತ್ತಕ್ಕೆ ಮುಂಚೆ ಬಂದರೆ ಯಜಮಾನರು ಸಿಗುತ್ತಾರೆ. ಊಟ ನಮ್ಮ ಮನೆಯಲ್ಲೇ.